‘ಕೇರ್’ ಎಂಬ ಆಂಗ್ಲಪದವೂ ಕನ್ನಡದ ಚಿಂತೆ–ಕಾಳಜಿಗಳೂ

೧

ಇಂಗ್ಲಿಷಿನಿಂದ ಕನ್ನಡಕ್ಕೆ ತರ್ಜುಮೆ ಮಾಡುವವರಿಗೆ ಪದೇ ಪದೇ ಎದುರಾಗುವ ಪದಗಳಲ್ಲಿ ‘ಕೇರ್’ ಎಂಬುದು ಒಂದು. ಉಚ್ಚಾರಣೆಯಲ್ಲಿ ಅಲ್ಪವಾದ ಈ ಪದವು ಅರ್ಥದಲ್ಲಿ ಅಲ್ಪವಾದುದಲ್ಲ. ತಾಯಿಯು ಕೂಸಿಗೆ ಮಾಡುವ ಆರೈಕೆಯೂ ಕೇರ್. ಸಾಲಗಾರನ ನಿದ್ದೆಗೆಡಿಸುವ ವ್ಯಾಕುಲತೆಯೂ ಕೇರ್. ಗಾಜಿನ ಪಾತ್ರೆಯನ್ನು ಎತ್ತಿಡುವವನ ಎಚ್ಚರವೂ ಕೇರ್. ಪರರ ಮನೆಯಲ್ಲಿ ಇಳಿದುಕೊಂಡವನಿಗೆ ಬರೆದ ಕಾಗದದ ಮೇಲ್ವಿಳಾಸದಲ್ಲಿ ಆ ಮನೆಯ ಯಜಮಾನನ ಹೆಸರಿಗೆ ಮುಂದಾಗಿ ನಿಲ್ಲುವ ಸಂಕೇತವೂ ಕೇರ್.

ಒಂದೇ ಪದವು ಇಷ್ಟು ಅರ್ಥಗಳನ್ನು ತಾಳಿರುವಾಗ ಅದಕ್ಕೆ ಕನ್ನಡದಲ್ಲಿ ಒಂದೇ ಪ್ರತಿಪದವನ್ನು ಗೊತ್ತುಪಡಿಸುವ ಪ್ರಯತ್ನವು ಸಫಲವಾಗಲಾರದು. ಆದರೂ ಆ ಪ್ರಯತ್ನವು ನಡೆದೇ ಇದೆ. ಕೆಲವರು ಎಲ್ಲ ಕಡೆಗೂ ‘ಚಿಂತೆ’ ಎಂದಿಡುತ್ತಾರೆ. ಈಚೆಗೆ ಬಹುಮಂದಿ ಎಲ್ಲ ಕಡೆಗೂ ‘ಕಾಳಜಿ’ ಎಂದಿಡುತ್ತಾರೆ. ಮೊದಲನೆಯವರ ಕೈಯಲ್ಲಿ ಪೋಷಣೆಯ ಅರ್ಥವು ಮರೆಯಾಗುತ್ತದೆ. ಎರಡನೆಯವರ ಕೈಯಲ್ಲಿ ಸಂಕಟದ ಅರ್ಥವು ಮರೆಯಾಗುತ್ತದೆ. ಇದು ಕೇವಲ ಪಂಡಿತರ ಶಬ್ದಕಲಹವಲ್ಲ. ಆಸ್ಪತ್ರೆಯ ಬಾಗಿಲ ಮೇಲಿನ ಫಲಕ, ನೆರೆಯಲ್ಲಿ ಮನೆ ಕಳೆದುಕೊಂಡವರ ಆಶ್ರಯಸ್ಥಾನದ ಹೆಸರು, ಅನಾಥ ಮಕ್ಕಳನ್ನು ಕುರಿತ ಕಾಯ್ದೆಯ ಶಿರೋನಾಮ, ಪೊಲೀಸರ ದೋಷಾರೋಪದ ಪತ್ರ, ಇವೆಲ್ಲವುಗಳಲ್ಲಿಯೂ ಈ ಪದದ ತರ್ಜುಮೆಯೇ ನಿಂತಿದೆ. ಅಲ್ಲಿ ಪದವು ತಪ್ಪಿದರೆ ಕರ್ತವ್ಯವೂ ತಪ್ಪುವ ಸಂಭವವುಂಟು.

ಈ ವಿಚಾರಕ್ಕೆ ನಿಘಂಟುಗಳ ನೆರವು ಬೇಕಾದುದೇ. ರೀವ್ ಪಾದ್ರಿಯ ಆಂಗ್ಲ–ಕರ್ಣಾಟಕ ಕೋಶ (೧೮೨೪), ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು (೧೮೯೪), ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು (೧೯೪೬) ಇವು ವಿದ್ವಾಂಸರ ಮಹಾಶ್ರಮದ ಫಲಗಳು. ಆದರೆ ಸಮಾನಾರ್ಥಕಗಳನ್ನು ಸಾಲಾಗಿ ನಿಲ್ಲಿಸುವುದು ಕೋಶದ ಧರ್ಮ. ಆ ಸಾಲಿನಲ್ಲಿ ಯಾವುದನ್ನು ಯಾವಾಗ ಕರೆಯಬೇಕೆಂಬುದನ್ನು ತಿಳಿಸುವುದು ಪ್ರಯೋಗದ ಧರ್ಮ. ಆದುದರಿಂದ ಇಲ್ಲಿ ಒಂದು ಸೀಮೆಯ ಜನರ ಪ್ರಯೋಗವನ್ನೇ ಪ್ರಮಾಣವಾಗಿ ಇಟ್ಟುಕೊಂಡು ವಿಚಾರವನ್ನು ನಡೆಸಲಾಗಿದೆ. ಅದು ಕಲಬುರಗಿ ಜಿಲ್ಲೆಯ ರಾವೂರ ಮತ್ತು ಅದನ್ನು ಸುತ್ತುವರಿದ ಚಿತ್ತಾಪುರ, ವಾಡಿ, ಶಹಾಬಾದ, ಸೇಡಂ, ಚಿಂಚೋಳಿಗಳ ಸೀಮೆ.

೨

ಮೊದಲು ಆಂಗ್ಲಪದದ ಜಾತಕವನ್ನು ನೋಡತಕ್ಕದ್ದು. ಪ್ರಾಚೀನ ಇಂಗ್ಲಿಷಿನಲ್ಲಿ ‘ಕರು’ ಅಥವಾ ‘ಚೆಅರು’ ಎಂಬ ರೂಪದಲ್ಲಿದ್ದ ಈ ಪದಕ್ಕೆ ದುಃಖ, ಶೋಕ, ಮನೋವ್ಯಥೆ ಎಂದೇ ಅರ್ಥವಿತ್ತು. ಇದರ ದಾಯಾದಿಯು ಜರ್ಮನ್ ಭಾಷೆಯಲ್ಲಿ ಇಂದಿಗೂ ಉಳಿದಿದೆ: ಕ್ರಿಸ್ತನನ್ನು ಶಿಲುಬೆಗೇರಿಸಿದ ಶುಕ್ರವಾರಕ್ಕೆ ಅಲ್ಲಿ ‘ಕಾರ್‌ಫ್ರೈಟಾಗ್’, ಎಂದರೆ ಶೋಕದ ಶುಕ್ರವಾರ, ಎಂದು ಹೆಸರು. ಲ್ಯಾಟಿನ್ನಿನ ‘ಕೂರ’ ಎಂಬ ಪದವು ಅರ್ಥದಲ್ಲಿಯೂ ಧ್ವನಿಯಲ್ಲಿಯೂ ಇದನ್ನು ಹೋಲುವುದರಿಂದ ಎರಡಕ್ಕೂ ಮೂಲವು ಒಂದೇ ಎಂದು ಭಾವಿಸುವವರುಂಟು. ಭಾಷಾಶಾಸ್ತ್ರಜ್ಞರು ಅದನ್ನು ಒಪ್ಪುವುದಿಲ್ಲ; ಸಾದೃಶ್ಯವು ಆಕಸ್ಮಿಕ.

ಹೀಗೆ ಶೋಕದಿಂದ ಹೊರಟ ಪದವು ಕಾಲಕ್ರಮದಲ್ಲಿ ಶೋಕಕ್ಕೆ ಕಾರಣವಾಗಬಹುದಾದುದನ್ನು ತಡೆಯುವ ಎಚ್ಚರವೆಂಬ ಅರ್ಥವನ್ನೂ, ಅಲ್ಲಿಂದ ಮುಂದೆ ಪಾಲನೆ, ರಕ್ಷಣೆ, ಹೊಣೆ ಎಂಬ ಅರ್ಥಗಳನ್ನೂ ಪಡೆಯಿತು. ಮನಸ್ಸಿನ ನೋವಿನಿಂದ ಕೈಯ ಕೆಲಸಕ್ಕೆ ಅದು ಏರಿತೆನ್ನಬಹುದು. ಏರಿದ ಮೇಲೂ ಕೆಳಗಿನ ಮೆಟ್ಟಿಲನ್ನು ಬಿಡಲಿಲ್ಲ. ಆದುದರಿಂದಲೇ ಇಂಗ್ಲಿಷಿನಲ್ಲಿ ಈ ಒಂದೇ ಪದವು ನೋವನ್ನೂ ಹೇಳುತ್ತದೆ, ನೋವನ್ನು ನಿವಾರಿಸುವುದನ್ನೂ ಹೇಳುತ್ತದೆ.

ಸಂಸ್ಕೃತದ ‘ಚಿಂತಾ’ ಶಬ್ದದ ನಡೆ ಇದಕ್ಕೆ ವಿರುದ್ಧವಾದುದು. ಧಾತುಪಾಠದಲ್ಲಿ ಚುರಾದಿಗಣದ ‘ಚಿತಿ’ ಧಾತುವಿಗೆ ಸ್ಮೃತಿಯೆಂದು ಅರ್ಥವನ್ನು ಹೇಳಿದೆ. ಅಮರಸಿಂಹನು ನಾಟ್ಯವರ್ಗದಲ್ಲಿ ಚಿಂತೆಯನ್ನು ಸ್ಮೃತಿ, ಆಧ್ಯಾನಗಳೊಡನೆ ಒಂದೇ ಸಾಲಿನಲ್ಲಿ ಕೂಡಿಸಿದ್ದಾನೆ. ಇಲ್ಲಿ ನೋವಿನ ಲೇಶವೂ ಇಲ್ಲ, ನೆನಹು ಮಾತ್ರವಿದೆ. ಆದರೆ ಭರತಮುನಿಯು ಮೂವತ್ತುಮೂರು ವ್ಯಭಿಚಾರಿಭಾವಗಳಲ್ಲಿ ಚಿಂತೆಯನ್ನು ಎಣಿಸುವಾಗ ಐಶ್ವರ್ಯನಾಶ, ಇಷ್ಟವಸ್ತುವಿನ ಅಪಹರಣ, ದಾರಿದ್ರ್ಯ ಇವುಗಳನ್ನು ಅದಕ್ಕೆ ಕಾರಣಗಳೆಂದು ಹೇಳುತ್ತಾನೆ. ಸ್ಮೃತಿಯನ್ನು ಬೇರೆಯಾಗಿಯೇ ಎಣಿಸುತ್ತಾನೆ. ಹೀಗೆ ನೆನಹಿನಿಂದ ಹೊರಟ ಪದವು ಕಳೆದುಹೋದುದರ ನೆನಹಾಗಿ, ಕಳೆದುಹೋದೀತೆಂಬ ಭಯವಾಗಿ, ಕೊನೆಗೆ ನೋವಾಗಿ ಇಳಿಯಿತು. ಆಕಾರಾಂತ ಸ್ತ್ರೀಲಿಂಗವು ಎಕಾರಾಂತವಾಗುವ ಕ್ರಮಕ್ಕನುಸಾರವಾಗಿ ಮಾಲಾ ಎಂಬುದು ಮಾಲೆಯಾದಂತೆ ಚಿಂತಾ ಎಂಬುದು ಚಿಂತೆಯಾಗಿ ಕನ್ನಡಕ್ಕೆ ಬಂದಾಗ ಅದರ ಬೆನ್ನಿಗೆ ಈ ನೋವೇ ಹೆಚ್ಚಾಗಿ ಬಂದಿತು. ‘ಚಿಂತನೆ’, ‘ಚಿಂತಕ’ ಎಂಬ ರೂಪಗಳಲ್ಲಿ ಮಾತ್ರ ಹಳೆಯ ಅರ್ಥವು ಇನ್ನೂ ಶುದ್ಧವಾಗಿದೆ.

ಈ ಇಳಿವು ಸಂಸ್ಕೃತಕ್ಕೆ ಮಾತ್ರ ವಿಶಿಷ್ಟವಲ್ಲ. ಅರಬ್ಬಿಯಲ್ಲಿ ‘ಫಿಕ್ರ್’ ಎಂದರೆ ವಿಚಾರ, ಆಲೋಚನೆ. ಅದು ಉರ್ದುವಿಗೆ ಬಂದು ಕಳವಳವೆಂಬ ಅರ್ಥವನ್ನೂ ತಾಳಿತು. ಕನ್ನಡಕ್ಕೆ ‘ಫಿಕೀರು’, ‘ಫಿಕರ್’ ಎಂದು ಬಂದಾಗ ಆ ಎರಡನೆಯ ಅರ್ಥವೇ ಉಳಿಯಿತು. ಸಂಬಂಧವಿಲ್ಲದ ಎರಡು ಭಾಷಾಕುಲಗಳಲ್ಲಿ ಆಲೋಚನೆಯು ಸಂಕಟವಾಗಿ ಇಳಿದಿರುವುದು ಗಮನಾರ್ಹ. ಇದರಿಂದ ಸಿದ್ಧವಾಗುವುದೇನೆಂದರೆ, ಚಿಂತೆ ಮತ್ತು ಫಿಕೀರುಗಳಿಗೆ ಮನಸ್ಸೇ ನೆಲೆ. ಕೈಯ ಕೆಲಸಕ್ಕೆ ಅವು ಏರಲಿಲ್ಲ. ಆಂಗ್ಲಪದವು ಏರಿದೆ. ಆದುದರಿಂದ ಮನಸ್ಸಿನ ಅರ್ಥದಲ್ಲಿ ಇವು ಸಂಧಿಸಿದರೂ ಕೆಲಸದ ಅರ್ಥದಲ್ಲಿ ಸಂಧಿಸುವುದಿಲ್ಲ.

೩

ರಾವೂರ ಸೀಮೆಯನ್ನು ಈ ವಿಚಾರಕ್ಕೆ ಆರಿಸಿಕೊಂಡುದಕ್ಕೆ ಕಾರಣವುಂಟು. ನೆಲವು ಕನ್ನಡದ್ದು, ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವು, ಎಂದರೆ ಸೇಡಂ ತಾಲ್ಲೂಕಿನ ಮಳಖೇಡವು, ಕಾಗಿಣಾ ನದಿಯ ದಡದಲ್ಲಿ ಇದೇ ಸೀಮೆಯಲ್ಲಿದೆ. ಆ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಕನ್ನಡದ ದೇಶೀಭೇದಗಳನ್ನು ಎಣಿಸಹೊರಟರೆ ವಾಸುಕಿಗೂ ಬೇಸರವಾದೀತೆಂಬ ಭಾವವನ್ನು ಸೂಚಿಸಿದೆ. ಅನಂತರದ ಕಾಲದಲ್ಲಿ ಈ ಸೀಮೆಗೆ ಬಂದ ಭಾಷೆಗಳನ್ನು ನೋಡಿದ್ದರೆ ಆ ಗ್ರಂಥಕಾರನು ಆ ಮಾತನ್ನು ಇನ್ನೂ ಬಲಪಡಿಸುತ್ತಿದ್ದನೆಂಬುದರಲ್ಲಿ ಸಂದೇಹವಿಲ್ಲ. ೧೯೪೮ನೆಯ ಸಪ್ಟೆಂಬರದವರೆಗೆ ಸೀಮೆಯು ನಿಜಾಮರ ಆಳಿಕೆಯಲ್ಲಿದ್ದುದರಿಂದ ಕಚೇರಿಯ ಭಾಷೆ ಉರ್ದುವಾಗಿತ್ತು. ಪಡುವಣದಿಂದ ಮರಾಠಿಯೂ, ಸೇಡಂ–ಚಿಂಚೋಳಿಗಳ ಮೂಡಣ ಎಲ್ಲೆಯಿಂದ ತೆಲುಗೂ ಬಂದು ಕೂಡಿದುವು. ೧೮೭೪ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲುಮಾರ್ಗವು ತೆರೆದ ಮೇಲೆ ವಾಡಿಯು ನಾಲ್ಕಾರು ಭಾಷೆಗಳ ಸಂತೆಯಾಯಿತು. ಶಹಾಬಾದದ ಹಾಸುಗಲ್ಲಿನ ಗಣಿಗಳೂ, ಆಮೇಲೆ ಎದ್ದ ಸಿಮೆಂಟು ಕಾರ್ಖಾನೆಗಳೂ ನಾನಾ ದೇಶದ ಕೂಲಿಕಾರರನ್ನು ಕರೆತಂದುವು. ಸೀಮೆಯು ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದಾಗ ಅದರ ಬಾಯಲ್ಲಿ ಈ ಎಲ್ಲ ಭಾಷೆಗಳ ಪದಗಳು ಆಗಲೇ ಮನೆಮಾಡಿಕೊಂಡಿದ್ದುವು.

ಪರಿಣಾಮವಾಗಿ ‘ಕೇರ್’ ಎಂಬ ಒಂದು ಪದದ ಅರ್ಥಕ್ಷೇತ್ರದಲ್ಲಿ ಇಲ್ಲಿ ಹಲವು ಪದಗಳು ಪಾಲುಗಾರರಾಗಿವೆ. ಅವು ಗೊಂದಲವಾಗಿ ಬಿದ್ದಿಲ್ಲ. ಒಂದೊಂದಕ್ಕೂ ಒಂದೊಂದು ಹೊಲ ಗೊತ್ತಾಗಿದೆ. ಮನಸ್ಸಿನ ನೋವಿಗೆ ಚಿಂತಿ, ಫಿಕರ್. ಒಡವೆ, ಕಾಳು, ಕಾಗದಗಳನ್ನು ಕೆಡದಂತೆ ಇಡುವುದಕ್ಕೆ ಜತನ. ಇದು ಸಂಸ್ಕೃತದ ‘ಯತ್ನ’ ಶಬ್ದವೇ ಪ್ರಾಕೃತದ ದಾರಿಯಲ್ಲಿ ಬಂದುದು. ಎಳೆಯ ಮಕ್ಕಳನ್ನೂ ಸಸಿಗಳನ್ನೂ ಬೆಳೆಯಿಸುವುದಕ್ಕೆ ಜೋಪಾನ. ಮೈಮೇಲಿನ ಎಚ್ಚರಕ್ಕೆ ಹುಷಾರು. ಪಾರಸಿಯಲ್ಲಿ ಪ್ರಜ್ಞೆಯುಳ್ಳವನೆಂಬ ಅರ್ಥದ ಈ ಪದವು ಕನ್ನಡಕ್ಕೆ ಬಂದು ಎಚ್ಚರ, ಜಾಣತನ, ಆರೋಗ್ಯ ಎಂಬ ಮೂರು ಅರ್ಥಗಳನ್ನು ಪಡೆದಿದೆ. ಪರರ ವಿಷಯದಲ್ಲಿ ಬೇಡದ ಆಸ್ಥೆಗೆ ಗೊಡವೆ, ಉಸಾಬರಿ. ಇವು ಬಹುಮಟ್ಟಿಗೆ ನಿಷೇಧದಲ್ಲಿಯೇ ಬರುತ್ತವೆ: ಊರ ಉಸಾಬರಿ ತನಗೇಕೆಂದು ಕೇಳುವವರುಂಟು, ಊರ ಉಸಾಬರಿಯೇ ತನಗೆ ಬೇಕೆಂದು ಹೇಳಿಕೊಳ್ಳುವವರಿಲ್ಲ. ಮಾನ್ಯತೆಯನ್ನು ಕೊಡದಿರುವುದಕ್ಕೆ ದರಕಾರವಿಲ್ಲದಿರುವುದು ಎನ್ನುತ್ತಾರೆ. ಪಾರಸಿಯಲ್ಲಿ ‘ದರ್‌ಕಾರ್’ ಎಂದರೆ ಬೇಕಾದುದು.

ಪಾರಸಿಯ ‘ಪರ್ವಾ’ ಎಂಬುದರ ಗತಿಯು ವಿಶೇಷ ಕುತೂಹಲಕರವಾದುದು. ಆಸ್ಥೆ, ಲಕ್ಷ್ಯ ಎಂಬ ಅರ್ಥದ ಆ ಪದವು ‘ಪರವಾ ಇಲ್ಲ’ ಎಂಬ ನಿಷೇಧರೂಪದಲ್ಲಿ ಕನ್ನಡನಾಡಿಗೆಲ್ಲ ಹಬ್ಬಿತು. ಬರಬರುತ್ತ ಮೂಲವು ಮರೆತುಹೋಗಿ ‘ಆಗಿಲ್ಲ’ ಎಂಬ ಕನ್ನಡ ಕ್ರಿಯಾಪದವೇ ಅದರಲ್ಲಿ ಅಡಗಿದೆಯೆಂದು ಜನರು ಭಾವಿಸಿ ‘ಪರವಾಗಿಲ್ಲ’ ಎಂದು ತಿದ್ದಿಕೊಂಡರು. ಅರ್ಥವೂ ಜಾರಿತು: ಲೆಕ್ಕಿಸುವುದಿಲ್ಲ ಎಂಬುದು ಅಡ್ಡಿಯಿಲ್ಲ ಎಂದಾಗಿ, ಅಡ್ಡಿಯಿಲ್ಲ ಎಂಬುದು ಸಾಕಷ್ಟು ಚೆನ್ನಾಗಿದೆ ಎಂದಾಯಿತು. ತಿರಸ್ಕಾರವಾಗಿದ್ದುದು ಮೆಚ್ಚಿಕೆಯಾಗಿ ಮುಗಿದುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ಸಿಕ್ಕುವುದು ಕಷ್ಟ.

ಸ್ವಯಂ ಆಂಗ್ಲಪದವೂ ಈ ಸೀಮೆಗೆ ಬಂದಿದೆ. ಆದರೆ ಎರಡು ತುಂಡಾಗಿ ಬಂದಿದೆ. ಕಾಗದದ ಮೇಲ್ವಿಳಾಸದಲ್ಲಿ ‘ಕೇರಾಫ್’ ಎಂದು ಒಂದು ತುಂಡು. ಉದ್ಧಟನಾದ ಹುಡುಗನ ನಡತೆಯನ್ನು ಹೇಳುವಾಗ ‘ಡೋಂಟ್‌ಕೇರ್’ ಎಂದು ಇನ್ನೊಂದು ತುಂಡು. ಮೊದಲನೆಯದರಲ್ಲಿ ಆಶ್ರಯವಿದೆ, ಎರಡನೆಯದರಲ್ಲಿ ಅನಾದರವಿದೆ. ಎರಡೂ ಒಂದೇ ಪದವೆಂಬುದು ಆಡುವವರ ಅರಿವಿಗೆ ಬರುವುದಿಲ್ಲ, ಬರಬೇಕಾದ ಅಗತ್ಯವೂ ಇಲ್ಲ. ನೋವಿನ ಅರ್ಥದಲ್ಲಿ ಮಾತ್ರ ಈ ಪದವನ್ನು ಯಾರೂ ಎತ್ತಿಕೊಳ್ಳಲಿಲ್ಲ. ಆ ಹೊಲದಲ್ಲಿ ಚಿಂತಿಯೂ ಫಿಕರೂ ಮೊದಲೇ ಉತ್ತು ಬಿತ್ತಿದ್ದುವು.

೪

ಇನ್ನು ಪ್ರಧಾನವಾದ ‘ಕಾಳಜಿ’ಯ ವಿಚಾರ. ಇದು ಮರಾಠಿಯಿಂದ ಬಂದುದೆಂಬುದು ನಿರ್ವಿವಾದ. ಮರಾಠಿಯಲ್ಲಿ ‘ಕಾಳೀಜ’ ಎಂದರೆ ಎದೆಗುಂಡಿಗೆ. ಕಾಳಜಿಯನ್ನು ಅದರೊಡನೆ ಜೋಡಿಸುವ ವಾಡಿಕೆಯುಂಟು. ಮರಾಠಿಯಲ್ಲಿಯೇ ಇದು ದ್ವ್ಯರ್ಥಿ: ‘ಮಾಡು’ ಎಂಬ ಅರ್ಥದ ಕ್ರಿಯಾಪದದೊಡನೆ ಸೇರಿದರೆ ಕಳವಳಪಡುವುದು, ‘ತೆಗೆದುಕೊ’ ಎಂಬ ಅರ್ಥದ ಕ್ರಿಯಾಪದದೊಡನೆ ಸೇರಿದರೆ ನೋಡಿಕೊಳ್ಳುವುದು. ರಾವೂರ ಸೀಮೆಯ ಕನ್ನಡವು ಪದವನ್ನು ಮಾತ್ರವಲ್ಲದೆ ಈ ವ್ಯವಸ್ಥೆಯನ್ನೂ ಪಡೆದುಕೊಂಡಿತು. ಇಲ್ಲಿ ‘ಕಾಳಜಿ ಮಾಡಬ್ಯಾಡ್ರಿ’ ಎಂದರೆ ವ್ಯಾಕುಲಪಡಬೇಡಿರಿ ಎಂದರ್ಥ. ‘ಕಾಳಜಿ ತಗೋರಿ’ ಎಂದರೆ ಎಚ್ಚರದಿಂದ ನೋಡಿಕೊಳ್ಳಿರಿ ಎಂದರ್ಥ. ನಾಮಪದವು ಒಂದೇ, ಅರ್ಥವನ್ನು ನಿರ್ಣಯಿಸುವುದು ಕ್ರಿಯಾಪದ.

ಅನೇಕಾರ್ಥವುಳ್ಳ ಶಬ್ದಕ್ಕೆ ಪ್ರಕೃತದಲ್ಲಿ ಯಾವ ಅರ್ಥವೆಂಬುದನ್ನು ನಿಯಮಿಸುವ ಕಾರಣಗಳನ್ನು ಭರ್ತೃಹರಿಯು ವಾಕ್ಯಪದೀಯದ ಎರಡನೆಯ ಕಾಂಡದಲ್ಲಿ ಪಟ್ಟಿಮಾಡಿರುವನು. ಮಮ್ಮಟನು ಕಾವ್ಯಪ್ರಕಾಶದಲ್ಲಿ ಅದನ್ನು ಆಧರಿಸಿರುವನು. ಸಂಯೋಗ, ವಿಪ್ರಯೋಗ, ಸಾಹಚರ್ಯ ಮುಂತಾದ ಆ ಕಾರಣಗಳಲ್ಲಿ ಬೇರೊಂದು ಶಬ್ದದ ಸನ್ನಿಧಿ ಎಂಬುದೂ ಒಂದು. ಕಾಳಜಿಯ ವಿಷಯದಲ್ಲಿ ನಡೆಯುತ್ತಿರುವುದು ಇದೇ. ವಾಕ್ಯಪದೀಯದ ಹೆಸರನ್ನೇ ಕೇಳದ ಒಕ್ಕಲಿಗನೂ ಗಣಿಯ ಕಲ್ಲೊಡೆಯುವವನೂ ಆ ನಿಯಮವನ್ನು ತಪ್ಪದೆ ಪಾಲಿಸುತ್ತಾರೆ.

ಚಿಂತೆಗೆ ಈ ಸೌಲಭ್ಯವಿಲ್ಲ. ಚಿಂತೆಯನ್ನು ಮಾಡಬಹುದು, ಬಿಡಬಹುದು. ಚಿಂತೆ ಹತ್ತಬಹುದು, ಹರಿಯಬಹುದು. ಆದರೆ ಮಗುವಿನ ಚಿಂತೆಯನ್ನು ‘ತೆಗೆದುಕೊಳ್ಳುವುದು’ ಕನ್ನಡದಲ್ಲಿಲ್ಲ. ರೋಗಿಗೆ ಚಿಂತೆ ‘ವಹಿಸುವುದೂ’ ಇಲ್ಲ. ಚಿಂತೆಯು ಯಾರನ್ನು ಕುರಿತದ್ದಾದರೂ ಅದರ ಫಲವು ಚಿಂತಿಸುವವನಿಗೇ. ಕಾಳಜಿಯನ್ನು ವಹಿಸಿದರೆ ಫಲವು ಇನ್ನೊಬ್ಬನಿಗೆ.

ಈ ಭೇದವನ್ನು ಅನ್ವಯವ್ಯತಿರೇಕಗಳಿಂದಲೂ ಪರೀಕ್ಷಿಸಬಹುದು. ಪದಾರ್ಥವು ಇರುವಾಗ ಏನಾಗುವುದೆಂಬುದು ಸ್ಪಷ್ಟವಾಗದಿದ್ದರೆ, ಅದನ್ನು ತೆಗೆದುಬಿಟ್ಟಾಗ ಏನಾಗುವುದೆಂಬುದನ್ನು ನೋಡಬೇಕು. ಚಿಂತೆಯನ್ನು ತೆಗೆದರೆ ಉಳಿಯುವುದು ನಿಶ್ಚಿಂತೆ, ಅದು ಸುಖ. ಫಿಕೀರನ್ನು ತೆಗೆದರೆ ಉಳಿಯುವುದು ಬೇಫಿಕೀರು. ಅದು ಸುಖಕ್ಕೂ ಬೇಜವಾಬ್ದಾರಿಗೂ ನಡುವೆ ತೂಗುತ್ತದೆ. ಕಾಳಜಿಯನ್ನು ತೆಗೆದರೆ ಉಳಿಯುವುದು ನಿಷ್ಕಾಳಜಿ, ಅದು ದೋಷ. ಯಾವುದರ ಅಭಾವವು ಸುಖವೋ ಅದು ವ್ಯಾಧಿ. ಯಾವುದರ ಅಭಾವವು ದೋಷವೋ ಅದು ಧರ್ಮ. ಇಂಗ್ಲಿಷಿನಲ್ಲಿಯೂ ಪದವು ಒಂದೇ ಆದರೂ ಅಭಾವವನ್ನು ಹೇಳುವಾಗ ‘ಕೇರ್‌ಫ್ರೀ’ ಎಂದು ಒಂದು, ‘ಕೇರ್‌ಲೆಸ್’ ಎಂದು ಒಂದು, ಹೀಗೆ ಎರಡು ರೂಪಗಳಾಗಿರುವುದು ಈ ಪರೀಕ್ಷೆಯನ್ನೇ ಸಮರ್ಥಿಸುತ್ತದೆ. ಮೊದಲನೆಯದನ್ನು ನಿಷ್ಕಾಳಜಿಯೆಂದೂ ಎರಡನೆಯದನ್ನು ನಿಶ್ಚಿಂತೆಯೆಂದೂ ಯಾವ ತರ್ಜುಮೆಗಾರನೂ ಬರೆಯಲಾರನು. ಮೂಲಪದದಲ್ಲಿ ಮಾತ್ರ ಅವನಿಗೆ ಈ ಎಚ್ಚರ ತಪ್ಪುತ್ತದೆ.

೫

ಈ ಎಚ್ಚರವು ತಪ್ಪಿದರೆ ಕಾವ್ಯಾರ್ಥಕ್ಕೂ ಶಾಸ್ತ್ರಾರ್ಥಕ್ಕೂ ಆಗುವ ಹಾನಿಯನ್ನು ಎರಡು ಪ್ರಸಿದ್ಧ ಸ್ಥಳಗಳಿಂದ ತೋರಿಸಬಹುದು. ೧೬೧೧ರ ಇಂಗ್ಲಿಷ್ ಬೈಬಲ್ಲಿನಲ್ಲಿ ಪೇತ್ರನ ಮೊದಲನೆಯ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ, ಭಕ್ತರು ತಮ್ಮ ಕೇರನ್ನು ದೇವರ ಮೇಲೆ ಹಾಕಬೇಕೆಂದೂ ದೇವರು ಅವರಿಗಾಗಿ ಕೇರ್ ಮಾಡುವನೆಂದೂ ಅರ್ಥವಾಗುವ ವಾಕ್ಯವೊಂದಿದೆ. ಆ ವಾಕ್ಯದ ಸೊಗಸು ಒಂದೇ ಪದವು ಎರಡು ಬಾರಿ ಬಂದಿರುವುದರಲ್ಲಿದೆ. ಆದರೆ ಗ್ರೀಕ್ ಮೂಲದಲ್ಲಿ ಪದವು ಒಂದಲ್ಲ. ಭಕ್ತನ ಪಾಲಿಗೆ ‘ಮೆರಿಮ್ನ’ ಎಂಬ ಕಳವಳದ ಪದ, ದೇವರ ಪಾಲಿಗೆ ‘ಮೆಲೈ’ ಎಂಬ ಆಸ್ಥೆಯ ಪದ. ಕನ್ನಡದಲ್ಲಿ ಎರಡು ಕಡೆಗೂ ಚಿಂತೆಯನ್ನೇ ಇಟ್ಟರೆ, ಭಕ್ತನ ಕಳವಳವು ದೇವರಿಗೆ ಅಂಟಿದಂತಾಗುತ್ತದೆ; ಹೊರೆಯು ಇಳಿಯಲಿಲ್ಲ, ಹೊರುವವನು ಮಾತ್ರ ಬದಲಾದನೆಂಬ ಅರ್ಥವು ಹೊರಡುತ್ತದೆ. ಚಿಂತಿಸುವ ದೇವರಿಂದ ಭಕ್ತನಿಗೆ ಯಾವ ಧೈರ್ಯ?

ಭಗವದ್ಗೀತೆಯ ಒಂಬತ್ತನೆಯ ಅಧ್ಯಾಯದ ಇಪ್ಪತ್ತೆರಡನೆಯ ಶ್ಲೋಕವು ಇದೇ ಸಂಬಂಧವನ್ನು ಬೇರೆ ರೀತಿಯಲ್ಲಿ ನಿರೂಪಿಸುತ್ತದೆ. ಅಲ್ಲಿ ಚಿಂತಿಸುವವನು ಭಕ್ತನು. ಆ ಚಿಂತನೆಯು ಕಳವಳವಲ್ಲ, ಅಮರಸಿಂಹನು ಹೇಳಿದ ಸ್ಮೃತಿ. ಭಗವಂತನಾದರೋ ಚಿಂತಿಸುವುದಿಲ್ಲ, ಯೋಗಕ್ಷೇಮವನ್ನು ಹೊರುತ್ತಾನೆ. ಇಲ್ಲದುದನ್ನು ಒದಗಿಸುವುದು ಯೋಗ, ಇರುವುದನ್ನು ರಕ್ಷಿಸುವುದು ಕ್ಷೇಮ ಎಂದು ಭಾಷ್ಯಕಾರರ ವಿವರಣೆ. ನೆನೆಯುವುದು ಒಬ್ಬನ ಕೆಲಸ, ಹೊರುವುದು ಇನ್ನೊಬ್ಬನ ಕೆಲಸ. ಪದಗಳೂ ಎರಡು, ಕ್ರಿಯೆಗಳೂ ಎರಡು. ಅದೇ ಗ್ರಂಥದ ಹದಿನಾರನೆಯ ಅಧ್ಯಾಯದಲ್ಲಿ ಆಸುರೀ ಸಂಪತ್ತುಳ್ಳವರಿಗೆ ಸಾಯುವವರೆಗೂ ಬಿಡದ ಅಳತೆಗೆಟ್ಟ ಚಿಂತೆಯನ್ನು ಹೇಳಿರುವುದರಿಂದ, ಆ ಶಬ್ದದ ಕೆಳಗಿನ ಅರ್ಥವೂ ಗ್ರಂಥಕಾರನಿಗೆ ತಿಳಿದಿತ್ತೆಂಬುದು ಸ್ಪಷ್ಟ. ತಿಳಿದೇ ಅದನ್ನು ಭಗವಂತನ ಪಾಲಿಗೆ ಹಚ್ಚಲಿಲ್ಲ. ೧೯೫೬ರಲ್ಲಿ ಸ್ಥಾಪಿತವಾದ ಭಾರತೀಯ ಜೀವವಿಮಾ ನಿಗಮವು ತನ್ನ ಧ್ಯೇಯವಾಕ್ಯಕ್ಕೆ ಈ ಶ್ಲೋಕದ ಕೊನೆಯ ಪಾದವನ್ನೇ ಆರಿಸಿಕೊಂಡಿತು. ವಿಮೆಯನ್ನು ಮಾಡಿಸಿದವನಿಗೆ ಬೇಕಾದುದು ತನಗಾಗಿ ಚಿಂತಿಸುವ ಸಂಸ್ಥೆಯಲ್ಲ, ತನ್ನವರ ಹೊರೆಯನ್ನು ಹೊರುವ ಸಂಸ್ಥೆ.

ಹೊರೆಯನ್ನು ಹುದ್ದೆಯಾಗಿ ಗೊತ್ತುಮಾಡುವ ಕ್ರಮಕ್ಕೆ ಈ ಸೀಮೆಯ ಶಾಸನದಲ್ಲಿಯೇ ನಿದರ್ಶನವಿದೆ. ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನವನ್ನು ಕುರಿತ ೧೦೫೮ರ ಶಾಸನವು ವೇದಶಾಸ್ತ್ರಗಳ ಉಪಾಧ್ಯಾಯರನ್ನೂ ವಿದ್ಯಾರ್ಥಿಗಳನ್ನೂ ಹೇಳುವುದರೊಡನೆ ಸರಸ್ವತೀಭಂಡಾರಿಗರನ್ನೂ, ಎಂದರೆ ಪುಸ್ತಕಭಂಡಾರವನ್ನು ಕಾಯುವವರನ್ನೂ, ಹೇಳುತ್ತದೆ. ಓಲೆಗರಿಗಳ ಮೇಲಿನ ಪ್ರೀತಿಯನ್ನು ಆ ಶಾಸನವು ವರ್ಣಿಸುವುದಿಲ್ಲ. ಅವುಗಳನ್ನು ಕಾಯುವವರನ್ನು ನೇಮಿಸುತ್ತದೆ. ಕೇರ್ ಎಂಬುದರ ಕೆಲಸದ ಅರ್ಥಕ್ಕೆ ಇದಕ್ಕಿಂತ ನೇರವಾದ ಕನ್ನಡ ನಾಡಿನ ವ್ಯಾಖ್ಯಾನವು ಬೇಕಾಗಿಲ್ಲ.

೬

ಈ ತತ್ತ್ವವನ್ನು ಇಟ್ಟುಕೊಂಡು ಇಂದು ಬಳಕೆಯಲ್ಲಿರುವ ಕೆಲವು ತರ್ಜುಮೆಗಳನ್ನು ವಿಮರ್ಶಿಸಬಹುದು.

ಆಸ್ಪತ್ರೆಯ ‘ಇಂಟೆನ್ಸಿವ್ ಕೇರ್ ಯೂನಿಟ್’ ಎಂಬುದಕ್ಕೆ ‘ತೀವ್ರ ನಿಗಾ ಘಟಕ’ ಎಂದು ಕನ್ನಡ. ನಿಗಾ ಎಂಬುದು ಪಾರಸಿಯ ‘ನಿಗಾಹ್’, ಎಂದರೆ ನೋಟ. ಯಂತ್ರಗಳ ಮೇಲೂ ನಾಡಿಯ ಮೇಲೂ ಎವೆಯಿಕ್ಕದ ಕಣ್ಣನ್ನು ಈ ಪದವು ಚೆನ್ನಾಗಿ ಹೇಳುತ್ತದೆ. ಆದರೆ ಕೈಯನ್ನು ಹೇಳುವುದಿಲ್ಲ. ನಿಗಾ ಇಡುವುದು ರೋಗಿಯ ಮೇಲೂ ಉಂಟು, ಕಳ್ಳನ ಮೇಲೂ ಉಂಟು. ಕನ್ನಡದ ‘ಆರೈಕೆ’ಯೂ ನೋಟದಿಂದಲೇ ಹುಟ್ಟಿದ ಪದ, ‘ಆರಯ್’ ಎಂದರೆ ಹುಡುಕಿ ನೋಡುವುದು, ವಿಚಾರಿಸುವುದು. ಆದರೆ ಅದು ನೋಟದಲ್ಲಿಯೇ ನಿಲ್ಲದೆ ಉಣಿಸುವ, ಮಲಗಿಸುವ, ಮೈದಡವುವ ಕೆಲಸಕ್ಕೆ ಬೆಳೆದಿದೆ. ‘ಶುಶ್ರೂಷೆ’ಯ ಬೆಳವಣಿಗೆಯಂತೂ ಇನ್ನೂ ಮನೋಹರ: ಶ್ರು ಧಾತುವಿನ ಸನ್ನಂತರೂಪವಾದ ಅದಕ್ಕೆ ಕೇಳುವ ಇಚ್ಛೆಯೆಂದು ಮೂಲಾರ್ಥ. ಗುರುವಿನ ಮಾತನ್ನು ಕೇಳಲಿಚ್ಛಿಸುವವನು ಸೇವಕನಾದನು. ರೋಗಿಯ ನರಳಿಕೆಯನ್ನು ಕೇಳಲು ಸಿದ್ಧನಿರುವವನು ಶುಶ್ರೂಷಕನಾದನು. ಈ ಎರಡು ಪದಗಳಿರುವಾಗ ನಿಗಾ ಒಂದನ್ನೇ ಬಾಗಿಲ ಮೇಲೆ ಬರೆದುದು ಅರ್ಧಾರ್ಥವೆಂದೇ ಹೇಳಬೇಕು.

ಮಕ್ಕಳನ್ನು ಕುರಿತ ೨೦೧೫ರ ಬಾಲನ್ಯಾಯ ಕಾಯ್ದೆಯ ಶಿರೋನಾಮದಲ್ಲಿ ಕೇರ್ ಎಂಬುದಕ್ಕೆ ‘ಪಾಲನೆ’ ಎಂದು ಇಟ್ಟು ಅದರ ಬೆನ್ನಿಗೆ ‘ರಕ್ಷಣೆ’ಯನ್ನು ಸೇರಿಸಿರುವುದು ಸಮಂಜಸ. ಇಲ್ಲಿ ಮನೋಭಾವಕ್ಕೆ ಎಡೆಯಿಲ್ಲ. ಮಾಡಬೇಕಾದ ಕೆಲಸವು ಹೆಸರಿನಲ್ಲಿಯೇ ನಿಂತಿದೆ. ಕಾಯ್ದೆಯು ಯಾರ ಮರುಕವನ್ನೂ ವಿಧಿಸಲಾರದು, ಪಾಲನೆಯನ್ನು ವಿಧಿಸಬಲ್ಲದು.

ದಾರಿಯ ಅಪಘಾತಗಳನ್ನು ಕುರಿತ ಪೊಲೀಸು ಬರವಣಿಗೆಯಲ್ಲಿ ಚಾಲಕನ ದೋಷವನ್ನು ಹೇಳಲು ನಾಡಿನ ಬೇರೆ ಬೇರೆ ಕಡೆಗಳಲ್ಲಿ ಅಜಾಗರೂಕತೆ, ನಿಷ್ಕಾಳಜಿತನ, ಅಲಕ್ಷತನ ಎಂಬ ಮೂರು ಪದಗಳು ಬಳಕೆಯಲ್ಲಿವೆ. ಮೂರೂ ಒಂದೇ ದೋಷಕ್ಕೆ ಹೆಸರುಗಳಾದರೂ ಮೊದಲನೆಯದು ನಿದ್ದೆಯನ್ನೂ, ಎರಡನೆಯದು ಎದೆಯನ್ನೂ, ಮೂರನೆಯದು ಕಣ್ಣನ್ನೂ ದೂರುತ್ತದೆ. ‘ನಿಷ್ಕಾಳಜಿ’ಯಲ್ಲಿ ಸಂಸ್ಕೃತದ ಉಪಸರ್ಗಕ್ಕೆ ಮರಾಠಿಯ ಪದವನ್ನು ಕಟ್ಟಿರುವುದರಿಂದ, ಸಂಸ್ಕೃತಕ್ಕೂ ಕನ್ನಡಕ್ಕೂ ಸಮಾಸಮಾಡುವುದನ್ನೇ ಸಾಮಾನ್ಯವಾಗಿ ನಿಷೇಧಿಸಿ ಅರಿಸಮಾಸವೆಂದು ಕರೆದ ಕೇಶಿರಾಜನು ಇದನ್ನು ಕಂಡಿದ್ದರೆ ಒಪ್ಪುತ್ತಿರಲಿಲ್ಲ. ಆದರೆ ಕಲ್ಲು, ಸಿಮೆಂಟುಗಳ ಲಾರಿಗಳು ಹಗಲಿರುಳು ಓಡಾಡುವ ವಾಡಿ–ಶಹಾಬಾದಗಳ ದಾರಿಯಲ್ಲಿ ಆ ದೋಷಕ್ಕೆ ಸಿಕ್ಕಿದವನ ಮನೆಯವರಿಗೆ ಸಮಾಸದ ಶುದ್ಧಿಗಿಂತ ಅರ್ಥದ ಖಚಿತತೆಯೇ ಮುಖ್ಯ. ಅರ್ಥದಲ್ಲಿ ಈ ಪದವು ಖಚಿತವಾಗಿದೆ.

ಕೊನೆಯದು ‘ಕಾಳಜಿ ಕೇಂದ್ರ’. ನೆರೆಯಿಂದ ಮನೆ ಬಿಟ್ಟವರಿಗೆ ಆಶ್ರಯವನ್ನು ಕೊಡುವ ಸ್ಥಳಗಳನ್ನು ಹಿಂದೆ ‘ಗಂಜಿ ಕೇಂದ್ರ’ ಎಂದು ಕರೆಯುತ್ತಿದ್ದರು. ೨೦೨೦ನೆಯ ಅಕ್ಟೋಬರದಲ್ಲಿ ಭೀಮಾ, ಕಾಗಿಣಾ ನದಿಗಳು ಉಕ್ಕಿ ಹರಿದಾಗ ಕಲಬುರಗಿ ಜಿಲ್ಲೆಯಲ್ಲಿ ತೆರೆದ ಇಂಥ ಸ್ಥಳಗಳಿಗೆ ಕಾಳಜಿ ಕೇಂದ್ರಗಳೆಂದೇ ಹೆಸರಾಯಿತು. ಗಂಜಿಯೆಂಬುದು ಕೊಡುವ ವಸ್ತುವಿನ ಹೆಸರು. ಅದರಲ್ಲಿ ತೆಗೆದುಕೊಳ್ಳುವವನ ದೈನ್ಯವೂ ಸೇರಿತ್ತು. ಕಾಳಜಿಯೆಂಬುದು ಕೊಡುವವನ ಕರ್ತವ್ಯದ ಹೆಸರು. ಆ ಮಟ್ಟಿಗೆ ಈ ಬದಲಾವಣೆಯು ಶ್ಲಾಘ್ಯವೇ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಕಾಳಜಿಯ ಅರ್ಥವನ್ನು ನಿರ್ಣಯಿಸುವುದು ಕ್ರಿಯಾಪದವೆಂದು ಮೇಲೆ ಸಿದ್ಧವಾಯಿತಷ್ಟೆ. ‘ಕಾಳಜಿ ಕೇಂದ್ರ’ದಲ್ಲಿ ಕ್ರಿಯಾಪದವಿಲ್ಲ. ಮೈಸೂರಿನ ಕಡೆಯ ಅಧಿಕಾರಿಯ ಕಿವಿಗೆ ಅದು ಕಾಳಜಿ ವಹಿಸುವ ಸ್ಥಳ. ಭೀಮೆಯ ದಡದ ಮುದುಕಿಯ ಕಿವಿಗೆ ಅದು ಕಾಳಜಿ ಮಾಡುತ್ತ ಕುಳಿತಿರುವ ಸ್ಥಳವೂ ಆಗಬಲ್ಲದು. ಎರಡರಲ್ಲಿ ಯಾವ ಅರ್ಥವು ನಿಲ್ಲುವುದೆಂಬುದನ್ನು ಯಾವ ನಿಘಂಟೂ ನಿರ್ಣಯಿಸಲಾರದು. ಅಲ್ಲಿ ಹಾಸಿಗೆ, ಔಷಧ, ಶುದ್ಧವಾದ ನೀರು, ಕಳೆದುಹೋದ ಕಾಗದಪತ್ರಗಳ ವಿಚಾರಣೆ ದೊರೆತರೆ ಮೊದಲನೆಯ ಅರ್ಥವು ನಿಲ್ಲುತ್ತದೆ. ಅನ್ನ ಮಾತ್ರ ದೊರೆತರೆ ಹೆಸರು ಬದಲಾದರೂ ಅದು ಗಂಜಿ ಕೇಂದ್ರವೇ. ಅದೂ ದೊರೆಯದಿದ್ದರೆ ಎರಡನೆಯ ಅರ್ಥವೊಂದೇ ಉಳಿಯುತ್ತದೆ. ಇಲ್ಲಿ ಕ್ರಿಯಾಪದದ ಸ್ಥಾನವನ್ನು ಕ್ರಿಯೆಯೇ ತುಂಬಬೇಕಾಗಿದೆ.

೭

ಇದರ ಮೇಲೆ ಎರಡು ಆಕ್ಷೇಪಗಳು ಬರಬಹುದು. ಕಾಳಜಿ, ನಿಗಾ, ಫಿಕೀರು, ಹುಷಾರುಗಳು ಅನ್ಯದೇಶ್ಯಗಳಾದುದರಿಂದ ಶುದ್ಧ ಕನ್ನಡಕ್ಕೆ ಸಲ್ಲವೆಂಬುದು ಮೊದಲನೆಯದು. ಚಿಂತೆಯೂ ಕನ್ನಡಕ್ಕೆ ಹೊರಗಿನಿಂದಲೇ ಬಂದುದು. ಬಂದು ಹೆಚ್ಚು ಕಾಲವಾಯಿತೆಂಬುದಷ್ಟೇ ವಿಶೇಷ. ಪದದ ಯೋಗ್ಯತೆಯನ್ನು ಬಂದ ದಾರಿಯಿಂದ ಅಳೆಯದೆ ಮಾಡುವ ಕೆಲಸದಿಂದ ಅಳೆಯುವುದು ನ್ಯಾಯ. ಒಂದೇ ಅರ್ಥಕ್ಕೆ ಹತ್ತು ಪದಗಳಿದ್ದರೆ ಶಾಸನಕ್ಕೂ ಶಾಸ್ತ್ರಕ್ಕೂ ತೊಡಕಾಗುವುದರಿಂದ ಒಂದನ್ನೇ ಗೊತ್ತುಪಡಿಸಬೇಕೆಂಬುದು ಎರಡನೆಯ ಆಕ್ಷೇಪ. ಹತ್ತು ಪದಗಳಿಗೆ ಅರ್ಥವು ಒಂದೇ ಆಗಿದ್ದರೆ ಈ ಮಾತು ಸರಿ. ಆದರೆ ಅರ್ಥಗಳೇ ಬೇರೆ ಬೇರೆ ಎಂಬುದನ್ನು ಮೇಲಿನ ವಿಚಾರವು ತೋರಿಸಿದೆ. ಹತ್ತು ಅರ್ಥಗಳಿಗೆ ಒಂದೇ ಪದವಿರುವುದು ಇಂಗ್ಲಿಷಿನ ಅನಿವಾರ್ಯತೆ. ಅದನ್ನು ಕನ್ನಡವು ಕೈಯಾರೆ ಬರಮಾಡಿಕೊಳ್ಳಬೇಕಾಗಿಲ್ಲ.

ಆದುದರಿಂದ ತರ್ಜುಮೆಗಾರನು ಕೇರ್ ಎಂಬ ಪದವನ್ನು ಕಂಡಾಗ ಮೂರನ್ನು ವಿಚಾರಿಸಬೇಕು: ಅದರ ಫಲವು ಯಾರಿಗೆ, ಅದರೊಡನೆ ಸೇರುವ ಕ್ರಿಯೆ ಯಾವುದು, ಅದನ್ನು ತೆಗೆದುಹಾಕಿದರೆ ಉಳಿಯುವುದು ಸುಖವೋ ದೋಷವೋ. ಫಲವು ತನಗೇ ಆದರೆ, ಉಳಿಯುವುದು ಸುಖವಾದರೆ, ಅಲ್ಲಿ ಚಿಂತೆ. ಫಲವು ಪರರಿಗೆ ಆಗಿ, ಉಳಿಯುವುದು ದೋಷವಾದರೆ, ರೋಗಿಗೆ ಆರೈಕೆ ಅಥವಾ ಶುಶ್ರೂಷೆ, ಮಗುವಿಗೆ ಪಾಲನೆ, ವಸ್ತುವಿಗೆ ಜತನ, ಅಪಾಯದಲ್ಲಿ ಎಚ್ಚರ, ಅಧಿಕಾರದಲ್ಲಿ ಹೊಣೆ. ಎರಡೂ ಬೆರೆತು, ಹೃದಯದ ನೋವೇ ಕೈಯ ಕೆಲಸಕ್ಕೆ ಪ್ರೇರಕವಾಗಿದ್ದಲ್ಲಿ ಮಾತ್ರ ಕಾಳಜಿ. ಅದರ ಜೊತೆಗೆ ತಕ್ಕ ಕ್ರಿಯಾಪದವಿರಲೇಬೇಕು.

ಈ ವಿವೇಕವನ್ನು ಹೊಸದಾಗಿ ಕಲ್ಪಿಸಬೇಕಾಗಿಲ್ಲ. ರಾವೂರಿನ ಬೀದಿಯಲ್ಲಿ, ವಾಡಿಯ ನಿಲ್ದಾಣದಲ್ಲಿ, ಸೇಡಮಿನ ಸಂತೆಯಲ್ಲಿ ಅದು ದಿನವೂ ನಡೆಯುತ್ತಿದೆ. ಅಚ್ಚಿನ ಕನ್ನಡವು ಆ ಕಡೆಗೆ ಕಿವಿಗೊಡಬೇಕು. ಶುಶ್ರೂಷೆಯೆಂಬ ಶಬ್ದದ ಮೊದಲನೆಯ ಅರ್ಥವೂ ಅದೇ.